ಸಾಬರಮತಿಯ ದಡ ಯಾರದು?

ನದಿ ದಂಡೆಯಲ್ಲಿ ಗುಡಿಸಲು ಹಾಕಿಕೊಂಡವರು ಗಾಳಿ ಸೇವನೆಗೆ ಬಂದವರಲ್ಲ. ಅಹಮದಾಬಾದಿನ ಬಟ್ಟೆಗಿರಣಿಗಳಲ್ಲಿ ನಮ್ಮ ಜನಕ್ಕೆ ನೂಲುವ ಖಾತೆಯೇ ಗತಿ. ನೇಯುವ ಖಾತೆಗೆ ಸೇರಿಸುತ್ತಿರಲಿಲ್ಲ. ಯಾಕಂದ್ರೆ ಲಾಳಿಯ ನೂಲನ್ನು ಬಾಯಿಂದ ಹೀರಿ ಎಳೀಬೇಕಿತ್ತು, ನಮ್ಮ ಎಂಜಲು ತಗುಲೀತು ಅಂತ! ಮಳೆಗಾಲದಲ್ಲಿ ಮುಳುಗುವ ಸಾಬರಮತಿಯ ದಡ ಉಳ್ಳವರಿಗೆ ಬೇಕಿರಲಿಲ್ಲ; ಅದಕ್ಕೇ ದಲಿತರಿಗೆ, ಬಡ ಮುಸಲ್ಮಾನರಿಗೆ ಸಿಕ್ಕಿತು. 1980ರ ದಶಕದಿಂದ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಜನ ಎಲ್ಲಿಗೆ ಹೋಗಬೇಕು? ಒಣಗಿದ ಪಾತ್ರದಲ್ಲಿ ತರಕಾರಿ ಬೆಳೆದರು, ಬಟ್ಟೆ ಒಗೆದರು, ಭಾನುವಾರದ ಗುಜರಿ ಬಜಾರಿನಲ್ಲಿ ಹಳೇ ಸಾಮಾನು ಮಾರಿದರು. ಆ ಸಂತೆ 1414ರಿಂದ ನಡೆದು ಬಂದದ್ದು ಅಂತ ಅಲ್ಲಿಯವರ ಹೇಳಿಕೆ.

ಈ ದಡವನ್ನು ಚೆಂದ ಮಾಡುವ ಮಾತೂ ಹಳೇದೇ. 1960ರ ದಶಕದಲ್ಲಿ ಬರ್ನಾರ್ಡ್ ಕೋನ್ ಎಂಬ ಫ್ರೆಂಚ್ ವಾಸ್ತುಶಿಲ್ಪಿ ಒಂದು ಕಲ್ಪನೆ ಮುಂದಿಟ್ಟಿದ್ದರು. 1997ರಲ್ಲಿ ಪಾಲಿಕೆ ಇದಕ್ಕೆಂದೇ ಕಂಪನಿ ಕಟ್ಟಿತು. ಬಿಮಲ್ ಪಟೇಲರ ತಂಡ ನಕ್ಷೆ ಬರೆಯಿತು. 2005ರಲ್ಲಿ ಕೆಲಸ ಶುರು. ಎರಡೂ ದಡಕ್ಕೆ ಸುಮಾರು 11 ಕಿ.ಮೀ. ಕಾಂಕ್ರೀಟ್ ಗೋಡೆ, ನದಿಯ ಅಗಲ 263 ಮೀಟರು. ಒಂದೆಡೆ ಹಿಗ್ಗಿ ಒಂದೆಡೆ ಕುಗ್ಗಿ ಹರಿಯುತ್ತಿದ್ದ ನದಿಗೂ ಅಳತೆ ತೆಗೆದು ಅಂಗಿ ಹೊಲಿದರು ಈ ಮಹಾನುಭಾವರು. ಹೀಗೆ ಒತ್ತಿದ್ದರಿಂದ ಸುಮಾರು 200 ಹೆಕ್ಟೇರು ಹೊಸ ನೆಲ ಎದ್ದಿತು. ಅದರಲ್ಲಿ ಒಂದಿಷ್ಟನ್ನು ಮಾರಿ ಖರ್ಚು ತೆಗೆಯುವ ಲೆಕ್ಕ. ಯಾರಿಗೂ ಬೇಡವಾಗಿದ್ದ ಜಾಗಕ್ಕೆ ಬೆಲೆ ಬಂತು ನೋಡ್ರಿ, ಅಲ್ಲಿದ್ದವರು ಅವತ್ತಿಂದ ಅತಿಕ್ರಮಣದಾರರು.

10,000ಕ್ಕೂ ಹೆಚ್ಚು ಕುಟುಂಬಗಳು ಗಂಟುಮೂಟೆ ಕಟ್ಟಬೇಕಾಯಿತು. ಅವರು ಸುಮ್ಮನೆ ಕೂರಲಿಲ್ಲ. ಸಾಬರಮತಿ ನಾಗರಿಕ್ ಅಧಿಕಾರ್ ಮಂಚ್ ಕಟ್ಟಿಕೊಂಡು 2005ರಲ್ಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಸಾವಿರಾರು ಜನಕ್ಕೆ ಬದಲಿ ಮನೆ ಸಿಕ್ಕಿದ್ದರೆ ಈ ಜಗಳದಿಂದ. ಯಾರ ದಯೆಯಿಂದಲೂ ಅಲ್ಲ. ಆ ಮನೆಗಳೋ ಬಹುಪಾಲು ಕೂಲಿಯಿಂದ ದೂರ, ಊರಾಚೆ. ದಾಖಲೆ ತೋರಿಸಲಾಗದ ಎಷ್ಟೋ ಜನರನ್ನು ಪಿಪ್ಲಜಿನ ಬಯಲಿಗೆ ತಂದು ಬಿಟ್ಟರು. ಕೇರಿ ಊರ ಹೊರಗಿರಬೇಕೆಂಬ ಶಾಸ್ತ್ರವನ್ನು ಈ ಸಲ ಬರೆದದ್ದು ಪುರೋಹಿತನಲ್ಲ, ನಕ್ಷೆ ಕಾಗದ.

2012ರಲ್ಲಿ ದಡ ಜನರಿಗೆ ತೆರೆಯಿತು. 2022ರಲ್ಲಿ ಬಂದ ಕಾಲುಸೇತುವೆ ಮೇಲೆ ನಡೆಯಲು ಟಿಕೆಟ್ ಕೊಳ್ಳಬೇಕು. ಕೆಳಗೆ ತುಂಬಿ ನಿಂತ ನೀರಾದರೂ ಸಾಬರಮತಿಯದಾ? ಬಹುಪಾಲು ಕಾಲುವೆಯಲ್ಲಿ ತಂದ ನರ್ಮದೆಯ ನೀರು. ಆ ನರ್ಮದೆಯ ಅಣೆಕಟ್ಟಿಗೆ ಮುಳುಗಿದ್ದು ಆದಿವಾಸಿಗಳ ಹಾಡಿಗಳು. ಅದನ್ನು ಊರಿನ ತೆಂಕಣ ತುದಿಯಲ್ಲಿ 1976ರ ವಾಸ್ನಾ ಬ್ಯಾರೇಜು ತಡೆದು ನಿಲ್ಲಿಸಿದೆ. ಬ್ಯಾರೇಜು ದಾಟಿದರೆ ಊರಿನ ಕೊಳಚೆ, ಕಾರ್ಖಾನೆಗಳ ಬಣ್ಣದ ನೀರು. ಅಲ್ಲಿ ವಾಯುವಿಹಾರದ ಹಾದಿಯಿಲ್ಲ. ಆ ನೀರನ್ನೇ ಪಂಪಿಟ್ಟು ಹೊಲಕ್ಕೆ ಹಾಯಿಸುವ ರೈತರಿದ್ದಾರೆ.