ಹಸಿರೆಂಬ ಅಳತೆಗೋಲು: ಗೋದಾವರಿ ಸೀಮೆಯ ಸಸ್ಯವರ್ಣ ಮತ್ತು ಪರಿಸರ ಚಿಂತನೆ

ಎಲೆಯಲ್ಲಿರುವ ಪತ್ರಹರಿತ್ತು, ಅಂದರೆ ಬೆಳಕಿನ ಶಕ್ತಿಯನ್ನು ಹಿಡಿದು ಆಹಾರ ತಯಾರಿಕೆಗೆ ಒದಗಿಸುವ ವರ್ಣದ್ರವ್ಯ, ಸೂರ್ಯಪ್ರಕಾಶದ ನೀಲಿ ಮತ್ತು ಕೆಂಪು ಭಾಗಗಳನ್ನು ಬಲವಾಗಿ ಹೀರಿಕೊಂಡು ಹಸಿರನ್ನು ದುರ್ಬಲವಾಗಿ ಹೀರುವುದರಿಂದ, ಎಲೆಯೊಳಗೆ ಚದುರಿ ಹೊರಬರುವ ಬೆಳಕಿನಲ್ಲಿ ಹಸಿರು ಮಿಗಿಲಾಗಿ ಕಾಣುತ್ತದೆ. ಆದರೆ ಎಲೆ ಹಸಿರು ಕಿರಣಗಳನ್ನು ಸಂಪೂರ್ಣವಾಗಿ ಹಿಂದಿರುಗಿಸುತ್ತದೆಂಬ ಸಾಮಾನ್ಯ ತಿಳಿವಳಿಕೆ ಸರಿಯಲ್ಲ. ಅವುಗಳ ಬಹುಪಾಲು ಒಳಪದರಗಳಲ್ಲಿ ಹೀರಲ್ಪಟ್ಟು ದ್ಯುತಿಸಂಶ್ಲೇಷಣೆಗೆ ನೆರವಾಗುತ್ತದೆ. ಎಲೆ ನಿಜವಾಗಿ ಹೇರಳವಾಗಿ ಪ್ರತಿಫಲಿಸುವುದು 700 ನ್ಯಾನೋಮೀಟರ್‌ಗಿಂತ ದೀರ್ಘ ತರಂಗಾಂತರದ, ಮನುಷ್ಯನ ಕಣ್ಣಿಗೆ ಬಹುತೇಕ ಕಾಣದ ಸಮೀಪ ಅವಕೆಂಪು ಕಿರಣಗಳನ್ನು. ಉಪಗ್ರಹ ಚಿತ್ರಗಳಿಂದ ಲೆಕ್ಕ ಹಾಕುವ ಸಸ್ಯ ಸೂಚ್ಯಂಕವು ಇದೇ ಅವಕೆಂಪು ಪ್ರತಿಫಲನ ಮತ್ತು ಕೆಂಪು ಪ್ರತಿಫಲನಗಳ ಅಂತರವನ್ನು ಅವುಗಳ ಮೊತ್ತದಿಂದ ಭಾಗಿಸಿ ಪಡೆದ ಸಂಖ್ಯೆಯಾಗಿದೆ.

ಈ ಸಂಖ್ಯೆ ಎಲೆಗಳ ಇರುವಿಕೆಯನ್ನು ತಿಳಿಸುತ್ತದೆಯೇ ಹೊರತು ನೆಲದ ಆರೋಗ್ಯವನ್ನಲ್ಲ. ನಾಸಿಕ್ ನಗರದ ಸುತ್ತ ಗೋದಾವರಿಯನ್ನು ಮುಚ್ಚುವ ಜಲಕುಂಭಿ ಅತ್ಯಂತ ಸೊಂಪಾದ ಹಸಿರೇ; ಆದರೆ ಕೊಳಚೆಯೊಡನೆ ಬರುವ ಸಾರಜನಕ ಮತ್ತು ರಂಜಕಗಳಿಂದ ಕೊಬ್ಬುವ ಈ ಕಳೆ ನೀರಿಗೆ ಬೆಳಕು ಇಳಿಯದಂತೆ ತಡೆದು, ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಕುಂದಿಸಿ, ಜಲಚರಗಳನ್ನು ಕಂಗೆಡಿಸುತ್ತದೆ. ಅದೇ ನದಿಯ ಕೆಳಭಾಗದಲ್ಲಿ, ನಿಫಾಡ್ ತಾಲ್ಲೂಕಿನ ನಾಂದೂರ್ ಮಧಮೇಶ್ವರದಲ್ಲಿ, ನೀರು ಇಳಿದಾಗ ತೆರೆದುಕೊಳ್ಳುವ ಕಂದು ಕೆಸರೇ ಚಳಿಗಾಲದಲ್ಲಿ ವಲಸೆ ಬರುವ, ಕೆಸರಿನಲ್ಲಿ ನಡೆದಾಡುವ ಹಕ್ಕಿಗಳ ಮೇವಿನ ತಾಣ. ಈ ಜೌಗುಪ್ರದೇಶ ಮಹಾರಾಷ್ಟ್ರದ ಮೊದಲ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಆಗಿರುವುದನ್ನು ಇಲ್ಲಿ ನೆನೆಯಬೇಕು.

ಹಸಿರಿನ ಮೋಹ ಹೆಚ್ಚು ಹಾನಿ ಮಾಡಬಲ್ಲದ್ದು ಹುಲ್ಲುಗಾವಲುಗಳಿಗೆ. ನಾಸಿಕ್ ಜಿಲ್ಲೆಯ ಯೇವಲಾ ತಾಲ್ಲೂಕಿನ ಮಮದಾಪುರದ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶ ಮಳೆಗಾಲದ ಬಳಿಕ ಬೇಗನೆ ಒಣಗಿ ಬಂಜರಿನಂತೆ ತೋರಿದರೂ, ಬಹುವಾರ್ಷಿಕ ಹುಲ್ಲುಗಳ ಬೇರು ಮತ್ತು ಬುಡ ನೆಲದಡಿ ಜೀವಂತವಾಗಿದ್ದು, ಅವು ಕೂಡಿಡುವ ಇಂಗಾಲದ ದೊಡ್ಡ ಪಾಲು ಮಣ್ಣಿನಲ್ಲೇ ಉಳಿಯುತ್ತದೆ. ಶತ್ರುವನ್ನು ದೂರದಿಂದಲೇ ಕಂಡು ಓಡಿ ಪಾರಾಗುವ ಕೃಷ್ಣಮೃಗಕ್ಕೆ ಬಯಲೇ ಆಸರೆ. ಅಲ್ಲಿ ದಟ್ಟವಾಗಿ ಗಿಡ ನೆಡುವುದೆಂದರೆ ಅದರ ನೆಲೆಯನ್ನೇ ಕಸಿದಂತೆ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯ ವ್ಯಾಖ್ಯೆಯಂತೆ, ಒಂದು ಹೆಕ್ಟೇರ್ ಅಥವಾ ಅದಕ್ಕಿಂತ ಹೆಚ್ಚು ವಿಸ್ತಾರವಿದ್ದು ಮರಗಳ ನೆತ್ತಿಹೊದಿಕೆ ಶೇ. 10ರಷ್ಟಾದರೂ ಇರುವ ಭೂಮಿ, ಹಣ್ಣಿನ ತೋಟವಾಗಿದ್ದರೂ, ಅರಣ್ಯ ಹೊದಿಕೆಯೆನಿಸುತ್ತದೆ. ಮರವಿಲ್ಲದ ಹುಲ್ಲುಗಾವಲು ಆ ಲೆಕ್ಕದಿಂದ ಹೊರಗುಳಿಯುತ್ತದೆ. ಅರಣ್ಯ ಹೊದಿಕೆಯ ಏರಿಕೆಯನ್ನೇ ಸಾಧನೆಯೆಂದು ಎಣಿಸುವ ಆಡಳಿತಕ್ಕೆ ಇಂಥ ಬಯಲಿನಲ್ಲಿ ಗಿಡ ನೆಡುವುದು ಸಹಜವಾಗಿಯೇ ಆಕರ್ಷಕವೆನಿಸುತ್ತದೆ, ಮತ್ತು ಅಪಾಯ ಇರುವುದು ಅಲ್ಲಿಯೇ.

ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿ ಹಸಿರೇ ಆರೋಗ್ಯದ ಅಳತೆಯೇ ಎಂಬ ಪ್ರಶ್ನೆ ಋತುಮಾನದ ರೂಪ ಪಡೆಯುತ್ತದೆ. ಕನ್ನಡ್ ಪಟ್ಟಣದ ಸಮೀಪದ ಗೌತಾಳ ಅಭಯಾರಣ್ಯದ ಒಣ ಎಲೆಯುದುರುವ ಕಾಡಿನಲ್ಲಿ ಮರಗಳು ಬೇಸಿಗೆಗೆ ಮುನ್ನ ಎಲೆ ಕಳಚುವುದು ನೀರಿನ ನಷ್ಟವನ್ನು ತಡೆಯುವ ಉಪಾಯವಾಗಿದ್ದು, ಮುತ್ತುಗದಂಥ ಮರ ಬರಿಯ ಕೊಂಬೆಗಳಲ್ಲೇ ಹೂ ಬಿಟ್ಟು ಹಕ್ಕಿಗಳಿಗೆ ಮಕರಂದ ಒದಗಿಸುತ್ತದೆ. ಏಪ್ರಿಲ್ ತಿಂಗಳ ಕಂದುಬಣ್ಣವನ್ನು ಕಾಡಿನ ಅವನತಿಯೆಂದು ಬಗೆದು, ಸದಾ ಹಸಿರಾಗಿರುವ ಹೊರಗಿನ ತಳಿಗಳನ್ನು ಅಲ್ಲಿ ತುಂಬಿಸುವ ಯಾವ ಯೋಜನೆಯೂ ಈ ಹೂವಿನ ಕಾಲವನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.