ಹಾಡು ಹಾಕಿಸಿಕೊಂಡ ಕಾಲ

ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ‘ಆಳಂದೆ ಸಾಸಿರ’ ಎಂಬ ನಾಡಿನ ಹೆಸರು ಬರುವುದನ್ನು ವಾಚಕರು ಬಲ್ಲರು. ಕಲ್ಲಿನ ಮೇಲಣ ಆ ಬರಹವನ್ನು 900 ವರ್ಷಗಳಾದ ಮೇಲೂ ಓದಬಹುದು. ಆದರೆ ಇದೇ ಆಳಂದದ ಜನ ಈ ಶತಮಾನದ ಮೊದಲ ದಶಕದಲ್ಲಿ ಏನನ್ನು ಕೇಳಿ ನಲಿದರೆಂಬುದಕ್ಕೆ ದಾಖಲೆಯೆಲ್ಲಿ?

2006ರ ಡಿಸೆಂಬರ್ ಕೊನೆಯಲ್ಲಿ ಯೋಗರಾಜ ಭಟ್ಟರ ‘ಮುಂಗಾರು ಮಳೆ’ ತೆರೆಕಂಡಿತು. ಮನೋಮೂರ್ತಿಯವರ ಸಂಗೀತ; ಜಯಂತ ಕಾಯ್ಕಿಣಿ ಮೊದಲಾದವರ ಗೀತೆಗಳು. ಸಕಲೇಶಪುರದ, ಜೋಗದ ಮಳೆ ತೊಗರಿ ಬೆಳೆಯುವ ನಮ್ಮ ಎರೆನೆಲಕ್ಕೆ ಹಾಡಾಗಿ ಬಂದಿತೆನ್ನಿ. ಕ್ಯಾಸೆಟ್ಟು ಹೋಗಿ ಸೀಡಿ ಬಂದಿತ್ತು. ಅದೂ ನಿಲ್ಲದೆ ಮೊಬೈಲು ಬಂದಿತು. ಬರಬರುತ್ತ, ಸಂತೆಗೆ ಬಂದವರು ಅಂಗಡಿಯ ಕಂಪ್ಯೂಟರಿನಿಂದ ಉಗುರಿನಷ್ಟಗಲದ ಮೆಮರಿ ಕಾರ್ಡಿಗೆ ‘ಹಾಡು ಹಾಕಿಸಿ’ಕೊಂಡು ಹೋಗತೊಡಗಿದರು. ಸಿನಿಮಾ ಹಾಡಿನ ಮಗ್ಗುಲಲ್ಲೇ ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ತತ್ತ್ವಪದ, ಹಂತಿಯ ಪದ, ಸೊಲ್ಲಾಪುರದ ಕಡೆಯ ಮರಾಠಿ ಗೀತೆ! ಇಂಥ ಸಂಕಲನವನ್ನು ನಮ್ಮಂಥ ಪಂಡಿತರು ಮಾಡಲಾರರು.

‘ಮುಂಗಾರು ಮಳೆ’ ಉಳಿದೀತು, ಅದಕ್ಕೆ ದಿಕ್ಕುಂಟು. ಊರ ಭಜನೆಯವರು ಹಾಡಿದ, ಹೆಸರು ಬರೆಯದ ಪದಗಳು ಮಾತ್ರ ಕಾರ್ಡಿನೊಡನೆಯೇ ಕಳೆದುಹೋಗುತ್ತಿವೆ. ನಿಮ್ಮ ಮನೆಯ ಹಳೆಯ ಮೊಬೈಲನ್ನು ಮಾರುವ ಮುನ್ನ ಒಮ್ಮೆ ಹಚ್ಚಿ ಕೇಳಿರಿ. ಹಾಡಿದವರು ಯಾರು, ಯಾವ ಊರಿನವರು ಎಂದು ಹಿರಿಯರನ್ನು ವಿಚಾರಿಸಿ ಬರೆದಿಡಿರಿ.