ಒಲ್ಲೆ ಎಂದವರ ಚಿತ್ರ: ಅಮೆರಿಕದ ಸೊರೊರಿಟಿಗಳು ಮತ್ತು ರಿಯಾಲಿಟಿ ಟೆಲಿವಿಷನ್

2002ರ ಜೂನ್ ತಿಂಗಳಲ್ಲಿ ಎಂಟಿವಿ ವಾಹಿನಿ ‘ಸೊರೊರಿಟಿ ಲೈಫ್’ ಎಂಬ ರಿಯಾಲಿಟಿ ಸರಣಿಯನ್ನು ಆರಂಭಿಸಿತು. ಅಮೆರಿಕದ ಕಾಲೇಜು ಹುಡುಗಿಯರು ಗ್ರೀಕ್ ಅಕ್ಷರಗಳ ಹೆಸರಿನಲ್ಲಿ ಕಟ್ಟಿಕೊಂಡ, ಸೊರೊರಿಟಿ ಎನ್ನುವ ಸಂಘಗಳ ಒಳಬದುಕನ್ನು ತೋರಿಸುವುದು ಅದರ ಉದ್ದೇಶ. ಮೊದಲ ಸರಣಿಯ ಚಿತ್ರೀಕರಣ ನಡೆದದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿ. ಕ್ಯಾಮೆರಾಗೆ ಒಪ್ಪಿದ ಸಂಘ ಸಿಗ್ಮಾ ಆಲ್ಫಾ ಎಪ್ಸಿಲಾನ್ ಪೈ. ಯಹೂದಿ ವಿದ್ಯಾರ್ಥಿನಿಯರಿಗಾಗಿ 1990ರ ದಶಕದ ಕೊನೆಯಲ್ಲಿ ಹುಟ್ಟಿದ, ಆಗಿನ್ನೂ ಎಳೆಯದಾಗಿದ್ದ ಸ್ಥಳೀಯ ಸಂಘ ಅದು. ಮರುವರ್ಷದ ಎರಡನೆಯ ಸರಣಿ ನ್ಯೂಯಾರ್ಕ್ ರಾಜ್ಯದ ಬಫಲೊ ವಿಶ್ವವಿದ್ಯಾಲಯಕ್ಕೆ ಹೋಯಿತು. ಅಲ್ಲಿ ಸಿಕ್ಕ ಡೆಲ್ಟಾ ಕ್ಸೈ ಒಮೆಗಾ ಕೂಡ ಸ್ಥಳೀಯ ಸಂಘವೇ. ಶತಮಾನಕ್ಕೂ ಮೀರಿದ ಇತಿಹಾಸವಿದ್ದು, ದೇಶದ ತುಂಬ ಶಾಖೆಗಳನ್ನು ಹೊಂದಿದ್ದ ದೊಡ್ಡ ಸೊರೊರಿಟಿಗಳ ಪೈಕಿ ಒಂದೂ ಈ ಎರಡು ಸರಣಿಗಳಲ್ಲಿ ಕಾಣಿಸಿಕೊಳ್ಳಲಿಲ್ಲ. ಅವುಗಳ ಬಾಗಿಲು ವಾಹಿನಿಯ ಪಾಲಿಗೆ ಮುಚ್ಚಿಯೇ ಇತ್ತು.

ರಿಯಾಲಿಟಿ ಟೆಲಿವಿಷನ್ ಕಟ್ಟಿದ ಸೊರೊರಿಟಿಯ ಚಿತ್ರವನ್ನು ಓದಬೇಕಾದದ್ದು ಈ ನಿರಾಕರಣೆಯಿಂದಲೇ ಎಂಬುದು ಪ್ರಸ್ತುತ ಲೇಖನದ ವಾದ. ಈ ಕಾರ್ಯಕ್ರಮಗಳು ಹುಡುಗಿಯರನ್ನು ಹಗುರವಾಗಿ ತೋರಿಸಿದವು, ಜಗಳ ಮತ್ತು ಕುಡಿತಕ್ಕೆ ಮಿತಿಮೀರಿ ಜಾಗ ಕೊಟ್ಟವು ಎಂಬ ದೂರು ಮೊದಲಿನಿಂದಲೂ ಇದೆ, ಅದರಲ್ಲಿ ಸತ್ಯವೂ ಇದೆ. ಆದರೆ ಅದಕ್ಕಿಂತ ದೊಡ್ಡ ದೋಷ ಬೇರೆ ಇದೆ. ಸೊರೊರಿಟಿ ಎಂಬುದು ಸದಸ್ಯರನ್ನು ಆರಿಸುವ, ಹೊರಗಿಡುವ, ಹಣ ಕೂಡಿಸುವ, ಆಸ್ತಿ ಕಾಯುವ ಒಂದು ಸಂಸ್ಥೆ. ಕ್ಯಾಮೆರಾಗೆ ದಕ್ಕಿದ್ದು ಮನೆ ಮಾತ್ರ, ಸಂಸ್ಥೆ ದಕ್ಕಲಿಲ್ಲ.

ಸಂಸ್ಥೆಯ ಸ್ವರೂಪವನ್ನು ಸ್ವಲ್ಪ ನೋಡೋಣ. ಜಾರ್ಜಿಯಾದ ಮೇಕನ್ ಊರಿನ ವೆಸ್ಲಿಯನ್ ಮಹಿಳಾ ಕಾಲೇಜಿನಲ್ಲಿ 1851ರಲ್ಲಿ ಹುಟ್ಟಿದ ಅಡೆಲ್ಫಿಯನ್ ಸಂಘವೇ ಇಂದಿನ ಆಲ್ಫಾ ಡೆಲ್ಟಾ ಪೈ. 1870ರಲ್ಲಿ ಇಂಡಿಯಾನಾದಲ್ಲಿ ಕಪ್ಪಾ ಆಲ್ಫಾ ಥೀಟಾ ಆರಂಭವಾಯಿತು. ಗಂಡಸರಿಗಾಗಿ ಕಟ್ಟಿದ ಕಾಲೇಜುಗಳಿಗೆ ಆಗಷ್ಟೇ ಕಾಲಿಡುತ್ತಿದ್ದ ಬೆರಳೆಣಿಕೆಯ ಹೆಣ್ಣುಮಕ್ಕಳಿಗೆ ಥೀಟಾದಂಥ ಸಂಘಗಳು ನಿಜಕ್ಕೂ ಆಸರೆಯಾಗಿದ್ದವು. 1902ರಲ್ಲಿ ಇಂಥ ಕೆಲವು ಸಂಘಗಳು ಸೇರಿ ಒಂದು ಒಕ್ಕೂಟ ಮಾಡಿಕೊಂಡವು. ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್ ಎಂಬ ಆ ಒಕ್ಕೂಟದಲ್ಲಿ ಈಗ 26 ಸೊರೊರಿಟಿಗಳಿವೆ. ಆಸರೆ ಕೊಟ್ಟ ಸಂಘಗಳೇ ಬೇಲಿಯನ್ನೂ ಹಾಕಿದವು. ಅಲ್ಲಿ ಯಹೂದಿ ಹುಡುಗಿಯರಿಗೆ ಜಾಗವಿರಲಿಲ್ಲ. ಅದಕ್ಕಾಗಿಯೇ 1909ರಲ್ಲಿ ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನಲ್ಲಿ ಆಲ್ಫಾ ಎಪ್ಸಿಲಾನ್ ಫೈ ಹುಟ್ಟಿತು. ಕಪ್ಪು ಹುಡುಗಿಯರಿಗೂ ಜಾಗವಿರಲಿಲ್ಲ. ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ 1908ರಲ್ಲಿ ಆಲ್ಫಾ ಕಪ್ಪಾ ಆಲ್ಫಾ, 1913ರಲ್ಲಿ ಡೆಲ್ಟಾ ಸಿಗ್ಮಾ ಥೀಟಾ ಸ್ಥಾಪನೆಯಾದವು. ದಕ್ಷಿಣ ಏಷ್ಯಾ ಮೂಲದ ಹುಡುಗಿಯರು 1998ರಲ್ಲಿ ಹ್ಯೂಸ್ಟನ್ನಿನಲ್ಲಿ ಡೆಲ್ಟಾ ಫೈ ಒಮೆಗಾ ಕಟ್ಟಿಕೊಂಡದ್ದೂ ಇದೇ ಸಾಲಿನಲ್ಲಿ ಬರುತ್ತದೆ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಮನೆಗಳಿಗೆ, ಮಗಳು ಕಾಲೇಜು ಸೇರುವ ಹೊತ್ತಿಗೆ, ಈ ಲೋಕ ಪರಿಚಯವಾಗುವುದು ಬಹುಶಃ ಇಂಥ ಸಂಘಗಳ ಮೂಲಕವೇ.

ಈ ಹಿನ್ನೆಲೆಯಲ್ಲಿ ಡೇವಿಸ್ ಸರಣಿಯನ್ನು ಮತ್ತೆ ನೋಡಿದರೆ ವಿಚಿತ್ರವೊಂದು ಎದುರಾಗುತ್ತದೆ. ಹೊರಗಿಡಲ್ಪಟ್ಟವರ ಪರಂಪರೆಯಲ್ಲಿ ಹುಟ್ಟಿದ ಒಂದು ಸಣ್ಣ ಸಂಘ, ಹೊರಗಿಟ್ಟ ದೊಡ್ಡ ಸಂಘಗಳ ಪ್ರತಿನಿಧಿಯಾಗಿ ದೇಶದ ಮುಂದೆ ನಿಂತಿತು. ಸರಣಿಯ ಹೆಸರಿನಲ್ಲಿ ಯಾವ ವಿಶೇಷಣವೂ ಇರಲಿಲ್ಲ. ‘ಸೊರೊರಿಟಿ ಬದುಕು’ ಎಂದಷ್ಟೇ ಇತ್ತು. ಆ ಹುಡುಗಿಯರ ತಪ್ಪುಒಪ್ಪುಗಳು ಇಡೀ ವ್ಯವಸ್ಥೆಯ ತಪ್ಪುಒಪ್ಪುಗಳಾಗಿ ಕಂಡವು, ದೊಡ್ಡ ಸಂಘಗಳು ಮಾತ್ರ ಗೌರವಕ್ಕೆ ಕುಂದಿಲ್ಲದೆ ಉಳಿದವು. ಒಲ್ಲೆ ಎನ್ನುವ ಬಲ ಯಾರಿಗಿದೆ, ಯಾರಿಗಿಲ್ಲ ಎಂಬುದು ಮಾಧ್ಯಮ ಅಧ್ಯಯನದಲ್ಲಿ ಇನ್ನೂ ಗಂಭೀರವಾಗಿ ಪರಿಗಣಿಸಬೇಕಾದ ಪ್ರಶ್ನೆ.

ಮನೆಯ ವಿಷಯಕ್ಕೆ ಬರುತ್ತೇನೆ. ಹೊಸದಾಗಿ ಸೇರಬಯಸುವ, ಇನ್ನೂ ಪೂರ್ಣ ಸದಸ್ಯರಾಗದ ಹುಡುಗಿಯರನ್ನು ಪ್ಲೆಡ್ಜ್‌ಗಳು ಎನ್ನುತ್ತಿದ್ದರು. ದೊಡ್ಡ ಸೊರೊರಿಟಿಗಳಲ್ಲಿ ಸಂಘದ ಮನೆ ಸದಸ್ಯರದ್ದು, ಪ್ಲೆಡ್ಜ್ ಅಲ್ಲಿಗೆ ಬಂದು ಹೋಗುವವಳು. ಎಂಟಿವಿ ಸರಣಿ ಪ್ಲೆಡ್ಜ್‌ಗಳನ್ನೇ ಒಂದು ಮನೆಯಲ್ಲಿ ಇರಿಸಿತು. 1992ರಿಂದ ಅದೇ ವಾಹಿನಿಯಲ್ಲಿ ನಡೆಯುತ್ತಿದ್ದ ‘ದಿ ರಿಯಲ್ ವರ್ಲ್ಡ್’ ಕಾರ್ಯಕ್ರಮದ ಅಚ್ಚು ಇದು: ಅಪರಿಚಿತರನ್ನು ಒಂದೇ ಸೂರಿನಡಿ ಕೂಡಿಹಾಕು, ಒಬ್ಬೊಬ್ಬರನ್ನೇ ಕ್ಯಾಮೆರಾ ಮುಂದೆ ಕೂರಿಸಿ ಮನದ ಮಾತು ಆಡಿಸು, ಎರಡನ್ನೂ ಸಂಕಲನದಲ್ಲಿ ಹೆಣೆ. 2013ರಿಂದ ಕನ್ನಡದಲ್ಲಿ ‘ಬಿಗ್ ಬಾಸ್’ ನೋಡುತ್ತ ಬಂದ ಪ್ರೇಕ್ಷಕರಿಗೆ ಈ ವ್ಯಾಕರಣ ಚೆನ್ನಾಗಿ ಗೊತ್ತು. ಆದರೆ ಬಿಗ್ ಬಾಸ್ ಮನೆ ಕಾರ್ಯಕ್ರಮಕ್ಕಾಗಿಯೇ ಕಟ್ಟಿದ್ದು, ಕಾರ್ಯಕ್ರಮ ಮುಗಿದರೆ ಆ ಸಮೂಹವೂ ಮುಗಿಯಿತು. ಸೊರೊರಿಟಿ ಹಾಗಲ್ಲ. ಕ್ಯಾಮೆರಾ ಬರುವ ಮೊದಲೂ ಇತ್ತು, ಹೋದ ಮೇಲೂ ಇರಬೇಕು. ಸಂಚಿಕೆಯಲ್ಲಿ ಗೆಳತಿಯ ಬಗ್ಗೆ ಆಡಿದ ಒಂದು ಮಾತು ಪ್ರಸಾರವಾಗುವ ಹೊತ್ತಿಗೆ ಆಡಿದವಳೂ ಕೇಳಿದವಳೂ ಅದೇ ಕ್ಯಾಂಪಸ್ಸಿನಲ್ಲಿ ಓಡಾಡಿಕೊಂಡಿರುತ್ತಾರೆ.

ಡೇವಿಸ್‌ನಲ್ಲೇ ಸಮಾಜಶಾಸ್ತ್ರ ಕಲಿಸುವ ಲಾರಾ ಗ್ರಿಂಡ್‌ಸ್ಟಾಫ್ ಈ ಸರಣಿಯನ್ನು ಹತ್ತಿರದಿಂದ ಅಧ್ಯಯನ ಮಾಡಿ, ಇಂಥ ಕಾರ್ಯಕ್ರಮಗಳಿಗೆ ಸ್ವಸೇವೆಯ ಟೆಲಿವಿಷನ್ ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ನಿರ್ಮಾಪಕರು ಸಂದರ್ಭವನ್ನು ಒದಗಿಸುತ್ತಾರೆ, ಅದರಲ್ಲಿ ಸಿಗುವ ಖ್ಯಾತಿಯನ್ನು ಭಾಗವಹಿಸುವವರು ತಾವೇ ಬಡಿಸಿಕೊಳ್ಳಬೇಕು. ಬರೆದುಕೊಟ್ಟ ಸಂಭಾಷಣೆ ಇಲ್ಲದಿದ್ದರೂ, ನೀನು ನೀನಾಗಿರು, ಸ್ವಲ್ಪ ಹೆಚ್ಚೇ ನೀನಾಗಿರು ಎಂಬ ಒತ್ತಡ ಇದ್ದೇ ಇರುತ್ತದೆ. ಈ ವಿವರಣೆ ನನಗೆ ಬಹುಮಟ್ಟಿಗೆ ಒಪ್ಪಿಗೆ. ಒಂದನ್ನು ಸೇರಿಸಬೇಕು: ಸೊರೊರಿಟಿ ಸೇರುವ ಪ್ರಕ್ರಿಯೆಯೇ ಈ ಒತ್ತಡದ ಮೇಲೆ ನಿಂತಿದೆ. ನೇಮಕಾತಿ ವಾರದಲ್ಲಿ ಹುಡುಗಿಯೊಬ್ಬಳು ಹಲವು ಮನೆಗಳ ಮೆಟ್ಟಿಲು ಹತ್ತಿ, ಪ್ರತಿ ಮನೆಯಲ್ಲೂ ಕೆಲವೇ ನಿಮಿಷಗಳಲ್ಲಿ ತಾನು ಯಾರೆಂದು ಮನವರಿಕೆ ಮಾಡಿಕೊಡಬೇಕು. ಅವಳು ಕ್ಯಾಮೆರಾ ಮುಂದೆ ಪಳಗಿದವಳಂತೆ ಕಂಡರೆ ಅದು ಟೆಲಿವಿಷನ್ ಒಂದೇ ಕಲಿಸಿದ ಪಾಠವಲ್ಲ.

ಇನ್ನು, ಆಯ್ಕೆ ನಿಜವಾಗಿ ನಡೆಯುವುದು ಹುಡುಗಿಯರು ಹೊರಟುಹೋದ ಮೇಲೆ. ಪ್ರತಿ ಸುತ್ತಿನ ನಂತರ ಸದಸ್ಯೆಯರು ಬಾಗಿಲು ಹಾಕಿಕೊಂಡು ಅಂಕ ಕೊಡುತ್ತಾರೆ, ಮತ ಹಾಕುತ್ತಾರೆ. ಹಿಂದಿನ ವರ್ಷಗಳಲ್ಲಿ ಆ ಸಂಘದ ಆಹ್ವಾನವನ್ನು ಎಷ್ಟು ಮಂದಿ ಒಪ್ಪಿ ಮರಳಿ ಬಂದಿದ್ದರು ಎಂಬ ಲೆಕ್ಕದ ಮೇಲೆ, ಈ ಸುತ್ತಿನಲ್ಲಿ ಎಷ್ಟು ಮಂದಿಯನ್ನು ಕರೆಯಬಹುದು, ಎಷ್ಟು ಮಂದಿಯನ್ನು ಬಿಡಬೇಕು ಎಂಬ ಸಂಖ್ಯೆ ಬರುತ್ತದೆ. ಹುಡುಗಿಯರೂ ತಮ್ಮ ಆದ್ಯತೆಯ ಪಟ್ಟಿ ಕೊಡುತ್ತಾರೆ. ಎರಡು ಪಟ್ಟಿಗಳನ್ನು ಕಂಪ್ಯೂಟರ್ ಹೊಂದಿಸುತ್ತದೆ. ಪ್ರತಿ ಸಂಘಕ್ಕೂ ಒಂದು ಕೋಟಾ ಇರುತ್ತದೆ. ಹಳೆಯ ಸದಸ್ಯೆಯರ ಶಿಫಾರಸು ಪತ್ರಗಳು, ಅಮ್ಮ ಅಥವಾ ಅಜ್ಜಿ ಅದೇ ಸಂಘದವರು ಎಂಬ ವಂಶದ ಬಲ, ವರ್ಷದ ಶುಲ್ಕ ಕಟ್ಟುವ ತಾಕತ್ತು ಇವೆಲ್ಲ ಹಿನ್ನೆಲೆಯಲ್ಲಿ ಕೆಲಸ ಮಾಡುತ್ತವೆ. ಕಣ್ಣೀರಿಗೆ ಕಾರಣವಾಗುವುದು ಈ ಯಂತ್ರ. ರಿಯಾಲಿಟಿ ಸರಣಿಗಳ ಚೌಕಟ್ಟಿಗೆ ಒಗ್ಗುವುದು ಕಣ್ಣೀರೊಂದೇ. ಯಂತ್ರ ಕಾಣದಿದ್ದಾಗ ಪ್ರೇಕ್ಷಕ ಮತ್ತೊಬ್ಬ ಹುಡುಗಿಯ ಮತ್ಸರವನ್ನೇ ಕಾರಣವೆಂದು ಭಾವಿಸುತ್ತಾನೆ. ಸಂಸ್ಥೆಯ ಹೊಣೆ ವ್ಯಕ್ತಿಯ ಸ್ವಭಾವದ ಮೇಲೆ ಬೀಳುವುದು ಹೀಗೆ.

2011ರಲ್ಲಿ ಬ್ರಿಟನ್ನಿನ ಇ4 ವಾಹಿನಿ ‘ಸೊರೊರಿಟಿ ಗರ್ಲ್ಸ್’ ಎಂಬ ಸರಣಿಯಲ್ಲಿ ಅಮೆರಿಕದ ಸದಸ್ಯೆಯರನ್ನು ಲೀಡ್ಸ್ ನಗರಕ್ಕೆ ಕರೆತಂದು, ಅಲ್ಲಿನ ವಿದ್ಯಾರ್ಥಿನಿಯರಿಂದ ಹೊಸ ಸೊರೊರಿಟಿ ಕಟ್ಟಿಸಿತು. ಇತಿಹಾಸವೂ ಆಸ್ತಿಯೂ ಹಳೆಯ ಸದಸ್ಯೆಯರ ಜಾಲವೂ ಇಲ್ಲದ ಸಂಘ ಟೆಲಿವಿಷನ್ನಿಗೆ ಸಾಕಾಯಿತು ಎಂಬುದಕ್ಕೆ ಅದು ಸಾಕ್ಷಿ, ಅದಕ್ಕಿಂತ ಹೆಚ್ಚಿನದೇನೂ ಅದರಲ್ಲಿ ಇಲ್ಲ.

ಹೆಚ್ಚು ಗಮನ ಬೇಡುವುದು 2014ರ ಪ್ರಕರಣ. ಆ ವರ್ಷದ ಡಿಸೆಂಬರ್ 15ರಂದು ವಿಎಚ್1 ವಾಹಿನಿಯಲ್ಲಿ ‘ಸೊರೊರಿಟಿ ಸಿಸ್ಟರ್ಸ್’ ಆರಂಭವಾಯಿತು. ಪಾತ್ರಧಾರಿಗಳು ಅಟ್ಲಾಂಟಾ ನಗರದ ವಯಸ್ಕ ಕಪ್ಪು ಮಹಿಳೆಯರು. ಆಲ್ಫಾ ಕಪ್ಪಾ ಆಲ್ಫಾ, ಡೆಲ್ಟಾ ಸಿಗ್ಮಾ ಥೀಟಾ, ಝೀಟಾ ಫೈ ಬೀಟಾ, ಸಿಗ್ಮಾ ಗಾಮಾ ರೋ ಎಂಬ ನಾಲ್ಕು ಐತಿಹಾಸಿಕ ಸೊರೊರಿಟಿಗಳ ಸದಸ್ಯೆಯರು. ಇಲ್ಲಿ ಸ್ಥಳೀಯ ಸಂಘದ ನೆಪವಿರಲಿಲ್ಲ, ಹೆಸರುಗಳು ನಿಜವಾದವು. ಒಂದು ವಿಷಯದಲ್ಲಿ ಕಾರ್ಯಕ್ರಮ ಸರಿಯಾಗಿಯೇ ಇತ್ತು. ಕಪ್ಪು ಸೊರೊರಿಟಿಗಳಲ್ಲಿ ಸದಸ್ಯತ್ವ ಕಾಲೇಜಿನೊಂದಿಗೆ ಮುಗಿಯುವಂಥದ್ದಲ್ಲ. ಪದವೀಧರರ ಶಾಖೆಗಳಲ್ಲಿ ಸದಸ್ಯೆಯರು ನಲವತ್ತು, ಅರವತ್ತರ ವಯಸ್ಸಿನಲ್ಲೂ ದುಡಿಯುತ್ತಾರೆ. ಡೆಲ್ಟಾದ ಸ್ಥಾಪಕಿಯರು 1913ರ ಮಾರ್ಚ್ 3ರಂದು ವಾಷಿಂಗ್ಟನ್ನಿನ ಮಹಿಳಾ ಮತದಾನ ಹಕ್ಕಿನ ಮೆರವಣಿಗೆಯಲ್ಲಿ ನಡೆದರು. ಆಲ್ಫಾ ಕಪ್ಪಾ ಆಲ್ಫಾ 1935ರಿಂದ ಮಿಸಿಸಿಪ್ಪಿಯ ಹಳ್ಳಿಗಾಡಿನಲ್ಲಿ ಆರೋಗ್ಯ ಶಿಬಿರಗಳನ್ನು ನಡೆಸಿತು. ಈ ದೀರ್ಘ ಬಾಂಧವ್ಯವನ್ನು ವಾಹಿನಿ ಕೈಗೆತ್ತಿಕೊಂಡಿತು, ಆದರೆ ಅದೇ ವಾಹಿನಿಯ ‘ಬಾಸ್ಕೆಟ್‌ಬಾಲ್ ವೈವ್ಸ್’, ‘ಲವ್ ಅಂಡ್ ಹಿಪ್ ಹಾಪ್’ ಸರಣಿಗಳ ಜಗಳದ ಅಚ್ಚಿಗೆ ಸುರಿಯಿತು. ಸಂಘದ ಹೆಸರು ಯಾರು ಯಾವ ಬಣದವರು ಎಂದು ಗುರುತಿಸುವ ಗುರುತಾಗಿ ಉಳಿಯಿತು.

ಈ ಬಾರಿ ಸಂಸ್ಥೆಗಳು ಸುಮ್ಮನಿರಲಿಲ್ಲ. ಕಪ್ಪು ಗ್ರೀಕ್ ಸಂಘಗಳ ಇತಿಹಾಸ ಬರೆದ ಲಾರೆನ್ಸ್ ರಾಸ್ ಮುಂದಾಳುತನದಲ್ಲಿ ಟ್ವಿಟರ್‌ನಲ್ಲಿ ಬಹಿಷ್ಕಾರದ ಕರೆ ಎದ್ದಿತು. ಸದಸ್ಯೆಯರು ಜಾಹೀರಾತುದಾರರನ್ನು ಒಬ್ಬೊಬ್ಬರಾಗಿ ಹುಡುಕಿ ಪ್ರಶ್ನಿಸಿದರು. ಹೋಂಡಾ, ಹಾಲ್‌ಮಾರ್ಕ್ ಸೇರಿದಂತೆ ಅನೇಕ ಕಂಪನಿಗಳು ಹಿಂದೆ ಸರಿದವು. 2015ರ ಜನವರಿ 9ರಂದು ಉಳಿದಿದ್ದ ಸಂಚಿಕೆಗಳನ್ನು ಒಂದೇ ರಾತ್ರಿ ಬೆನ್ನುಬೆನ್ನಿಗೆ ಪ್ರಸಾರ ಮಾಡಿ ವಾಹಿನಿ ಕೈತೊಳೆದುಕೊಂಡಿತು. ಒಂದು ತಿಂಗಳೂ ನಡೆಯದ ಸರಣಿ ಅದು. ಶತಮಾನದಿಂದ ಹಣ ಕೂಡಿಸುವ, ಪತ್ರ ಬರೆಯುವ, ಜನರನ್ನು ಸಂಘಟಿಸುವ ಕೆಲಸದಲ್ಲಿ ಪಳಗಿದ್ದ ಸಂಘಗಳ ನಿಜವಾದ ಶಕ್ತಿ ತೆರೆಯ ಮೇಲೆ ಒಂದು ಸಂಚಿಕೆಯಲ್ಲೂ ಕಾಣಲಿಲ್ಲ. ಸರಣಿಯನ್ನು ನಿಲ್ಲಿಸಿದಾಗ ಕಂಡಿತು.

ಇದರ ಇನ್ನೊಂದು ಮುಖವನ್ನೂ ಹೇಳದೆ ಬಿಡಲಾಗದು. ಡೆಲ್ಟಾ ಮತ್ತು ಝೀಟಾ ಸಂಘಗಳು ಕಾರ್ಯಕ್ರಮದಲ್ಲಿ ಭಾಗವಹಿಸಿದ ತಮ್ಮ ಸದಸ್ಯೆಯರನ್ನು ಹೊರಹಾಕಿದವು. ಇತಿಹಾಸಕಾರ್ತಿ ಎವೆಲಿನ್ ಬ್ರೂಕ್ಸ್ ಹಿಗ್ಗಿನ್‌ಬಾಥಮ್ 1993ರಲ್ಲಿ ಮಂಡಿಸಿದ ಮರ್ಯಾದೆಯ ರಾಜಕಾರಣ ಎಂಬ ಪರಿಕಲ್ಪನೆ ಇಲ್ಲಿ ನೆರವಿಗೆ ಬರುತ್ತದೆ. ಅವಮಾನವನ್ನು ದಿನನಿತ್ಯ ಎದುರಿಸಿದ ಸಮುದಾಯಕ್ಕೆ ನಡತೆಯ ಶಿಸ್ತು ಒಂದು ಗುರಾಣಿ. ಅದೇ ಶಿಸ್ತು ಒಳಗಿನ ಹೆಂಗಸರ ಮೇಲೆ ಕಾವಲಾಗಿಯೂ ಕೂರುತ್ತದೆ. ಸಂಘಗಳು ಕಾರ್ಯಕ್ರಮವನ್ನು ವಿರೋಧಿಸಿದ್ದು ನ್ಯಾಯವೇ ಎಂದು ನಾನು ಭಾವಿಸುತ್ತೇನೆ. ಆದರೆ ವಾಹಿನಿಗೆ ಒಂದು ಸರಣಿಯಷ್ಟೇ ನಷ್ಟವಾಯಿತು, ಆ ಮಹಿಳೆಯರಿಗೆ ಜೀವಮಾನದ ಸದಸ್ಯತ್ವವೇ ಹೋಯಿತು. ದಂಡದ ಭಾರ ಸಮನಾಗಿ ಹಂಚಿಕೆಯಾಗಲಿಲ್ಲ.

2021ರ ಆಗಸ್ಟ್‌ನಲ್ಲಿ ಕ್ಯಾಮೆರಾ ಹುಡುಗಿಯರ ಕೈಗೇ ಬಂದಿತು. ಅಲಬಾಮಾ ವಿಶ್ವವಿದ್ಯಾಲಯದ ನೇಮಕಾತಿ ವಾರದ ಟಿಕ್‌ಟಾಕ್ ವಿಡಿಯೊಗಳು ದೇಶದಾದ್ಯಂತ ಹರಡಿದವು. ಹಾಸ್ಟೆಲ್ ಕೋಣೆಯಲ್ಲಿ ನಿಂತ ಹುಡುಗಿ ಆ ದಿನದ ಉಡುಪನ್ನು ಪರಿಚಯಿಸುತ್ತಾಳೆ: ಈ ಫ್ರಾಕು ಊರಿನ ಪ್ಯಾಂಟ್ಸ್ ಸ್ಟೋರಿನದು, ಓಲೆ ಕೆಂಡ್ರಾ ಸ್ಕಾಟ್, ಬಳೆಗಳು ಯಾವಾಗಲೂ ಹಾಕುವುದೇ, ಚಪ್ಪಲಿ ಇಂಥ ಕಂಪನಿಯದು. ಒಂದು ಸುತ್ತು ತಿರುಗಿ ನಗುತ್ತಾಳೆ, ವಿಡಿಯೊ ಮುಗಿಯುತ್ತದೆ. ಇಷ್ಟು ಪುಟ್ಟ ವಿಡಿಯೊದಲ್ಲಿ ವರ್ಗದ ವಿಷಯ ಎಂಟಿವಿಯ ಇಡೀ ಸರಣಿಗಿಂತ ನಿಚ್ಚಳವಾಗಿ ಹೊರಬೀಳುತ್ತದೆ, ಏಕೆಂದರೆ ಹುಡುಗಿ ಬೆಲೆಯನ್ನು ಮುಚ್ಚಿಡುವ ಪ್ರಯತ್ನ ಮಾಡುವುದಿಲ್ಲ. ಬ್ರಯಂಟ್ ಡೆನ್ನಿ ಕ್ರೀಡಾಂಗಣದಲ್ಲಿ ಲಕೋಟೆ ಒಡೆದು, ಕರೆ ಬಂದ ಮನೆಯ ಕಡೆಗೆ ನೂರಾರು ಹುಡುಗಿಯರು ಓಡುವ ದೃಶ್ಯವೂ ಇದೇ ವಿಡಿಯೊಗಳಿಂದ ಜನಜನಿತವಾಯಿತು. ಲಕೋಟೆ ಬರದವರು ಓಡುವುದಿಲ್ಲ, ಆದ್ದರಿಂದ ಆ ದೃಶ್ಯದಲ್ಲಿ ಅವರು ಇರುವುದೂ ಇಲ್ಲ.

2023ರ ಮೇ ತಿಂಗಳಲ್ಲಿ ಬಂದ ರೇಚಲ್ ಫ್ಲೈಟ್ ಅವರ ‘ಬಾಮಾ ರಷ್’ ಸಾಕ್ಷ್ಯಚಿತ್ರ ಈ ಅಲೆಯ ಬೆನ್ನು ಹತ್ತಿ ಹೋದದ್ದು. ಚಿತ್ರೀಕರಣದ ವೇಳೆ, ಹುಡುಗಿಯರು ಗುಪ್ತ ಮೈಕ್ರೊಫೋನ್ ಧರಿಸಿದ್ದಾರೆ ಎಂಬ ವದಂತಿ ಕ್ಯಾಂಪಸ್ಸಿನಲ್ಲಿ ಹಬ್ಬಿತು, ಮಾತಾಡುವವರು ಹಿಂಜರಿದರು. ನಿರ್ದೇಶಕಿ ತಮ್ಮ ಅಲೊಪೇಶಿಯಾ ಕಾಯಿಲೆಯ, ವಿಗ್ ತೊಟ್ಟು ಕಳೆದ ವರ್ಷಗಳ ಕಥೆಯನ್ನು ಚಿತ್ರದೊಳಗೆ ತಂದರು. ಅದನ್ನು ಹಲವರು ಟೀಕಿಸಿದರು. ಒಳಗೆ ಬಿಡದ ಸಂಸ್ಥೆಯ ಮುಂದೆ ಚಿತ್ರಕ್ಕೆ ಉಳಿದಿದ್ದ ದಾರಿ ಕಡಿಮೆ ಎಂಬುದನ್ನು ಆ ಟೀಕೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕ್ಯಾಂಪಸ್ ರಾಜಕೀಯವನ್ನು ತೆರೆಮರೆಯಿಂದ ನಡೆಸುವ ‘ಮಷೀನ್’ ಎಂಬ ಗುಂಪಿನ ಬಗ್ಗೆ, ಬಣ್ಣಭೇದದ ಚರಿತ್ರೆಯ ಬಗ್ಗೆ ಚಿತ್ರ ಮಾತಾಡುತ್ತದೆ, ಆದರೆ ಹೊರಗೆ ನಿಂತು.

ಒಳಗಿನ ಸಂಗತಿ ಹೊರಬಂದದ್ದು ಅದಕ್ಕೆ ಹತ್ತು ವರ್ಷ ಮೊದಲು, ವಿದ್ಯಾರ್ಥಿಗಳ ಪತ್ರಿಕೆಯೊಂದರಲ್ಲಿ. ಅಲಬಾಮಾದ ರಾಜ್ಯಪಾಲ ಜಾರ್ಜ್ ವಾಲೇಸ್ ಕಪ್ಪು ವಿದ್ಯಾರ್ಥಿಗಳನ್ನು ತಡೆಯಲು ಇದೇ ವಿಶ್ವವಿದ್ಯಾಲಯದ ಬಾಗಿಲಲ್ಲಿ ನಿಂತದ್ದು 1963ರ ಜೂನ್‌ನಲ್ಲಿ. ಐವತ್ತು ವರ್ಷಗಳ ನಂತರ, 2013ರ ಸೆಪ್ಟೆಂಬರ್‌ನಲ್ಲಿ, ‘ದಿ ಕ್ರಿಮ್ಸನ್ ವೈಟ್’ ಒಂದು ವರದಿ ಪ್ರಕಟಿಸಿತು. ಉತ್ತಮ ಅಂಕಗಳೂ ಒಳ್ಳೆಯ ಮನೆತನದ ಹಿನ್ನೆಲೆಯೂ ಇದ್ದ ಕಪ್ಪು ಹುಡುಗಿಯೊಬ್ಬಳಿಗೆ ಬಿಳಿಯರ ಸೊರೊರಿಟಿಗಳು ಬಾಗಿಲು ಮುಚ್ಚಿದ್ದವು. ಅವಳನ್ನು ಬಯಸಿದ ಸದಸ್ಯೆಯರಿದ್ದರೂ ಹಳೆಯ ಸದಸ್ಯೆಯರ ಹಸ್ತಕ್ಷೇಪ ಅಡ್ಡಬಂತು ಎಂದು ಒಳಗಿನವರೇ ಪತ್ರಿಕೆಗೆ ಹೇಳಿದರು, ಕೆಲವರು ತಮ್ಮ ಹೆಸರು ಹಾಕಲೂ ಒಪ್ಪಿದರು. ಮತದಾನದ ಕೋಣೆ, ಶಿಫಾರಸು ಪತ್ರ, ವಂಶದ ಬಲ, ಹಿರಿಯರ ಅಂಕುಶ ಹೀಗೆ ಯಾವ ಸರಣಿಯೂ ತೋರಿಸದ ಯಂತ್ರದ ಒಂದೊಂದು ಭಾಗವೂ ಆ ವರದಿಯಲ್ಲಿತ್ತು. ವಿಶ್ವವಿದ್ಯಾಲಯದ ಅಧ್ಯಕ್ಷೆ ಜೂಡಿ ಬಾನರ್ ನೇಮಕಾತಿಯನ್ನು ಮತ್ತೆ ತೆರೆಯಲು ಆದೇಶಿಸಿದರು. ಅದೇ ತಿಂಗಳಲ್ಲಿ ಹಲವು ಕಪ್ಪು ವಿದ್ಯಾರ್ಥಿನಿಯರಿಗೆ ಆಹ್ವಾನ ಹೋಯಿತು, ಕೆಲವರು ಸದಸ್ಯೆಯರಾದರು.